ಯಾರ ಮುಂದ ಹೇಳಲಿ

ಮುಖಾಮುಖಿ ಕೂತು ಮಾತಾಡಿದರೆ ಎಂಥ ತಕರಾರೂ ಬಗೆಹರಿಯುತ್ತದೆ ಎಂದು ನಾನು ಮಂಠಾಳದ ಒಂದು ಶಾಲೆಯ ಅಂಗಳದಲ್ಲಿ ಮೈಕು ಹಿಡಿದು ಹೇಳಿ ಬಂದಿದ್ದೆ. ಕಾನೂನು ಅರಿವು ಕಾರ್ಯಕ್ರಮ ಅದು. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಬದಲು ಎದುರುಬದುರು ಕೂತುಕೊಳ್ಳಿ, ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿಕೊಳ್ಳಿ ಎಂದಾಗ ಜನ ಚಪ್ಪಾಳೆ ತಟ್ಟಿದ್ದರು. ಭಾಷಣ ಚೆನ್ನಾಗಿ ಬಂತು ಎಂದು ನಾನೂ ಬೀಗಿದ್ದೆ. ಅದಾಗಿ ಸ್ವಲ್ಪ ದಿನಕ್ಕೆ ಬಸವಕಲ್ಯಾಣದ ಕೋರ್ಟಿನಿಂದ ಒಂದು ಕಡತ ಮಧ್ಯಸ್ಥಿಕೆಗೆಂದು ನನ್ನ ಕೈಗೆ ಬಂತು. ಆ ಒಂದು ಕಡತ ನನ್ನ ಭಾಷಣದ ಸೊಕ್ಕನ್ನೆಲ್ಲ ಇಳಿಸಿತು.

ನಾನು ಹುಮನಾಬಾದಿನಲ್ಲಿ ವಕೀಲಿ ಮಾಡುವವಳು. ಸ್ವಂತ ಊರಿನಲ್ಲಿ ಎಲ್ಲರೂ ಪರಿಚಯದವರೇ ಆದ್ದರಿಂದ ಮಧ್ಯಸ್ಥಿಕೆಯ ಕೆಲಸವನ್ನು ಬಸವಕಲ್ಯಾಣದಲ್ಲಿ ಇಟ್ಟುಕೊಂಡಿದ್ದೇನೆ. ಬಸ್ಸಿನಲ್ಲಿ ಹೋಗಿ ಹೆದ್ದಾರಿಯ ಮೇಲಿನ ಬಂಗ್ಲಾ ಎಂಬ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದರೆ ಕೋರ್ಟು. ಕೆಲಸ ಕೇಳಲು ಸರಳ. ನ್ಯಾಯಾಧೀಶರು ರಾಜಿಗೆ ಅವಕಾಶವಿದೆ ಅನ್ನಿಸಿದ ದಾವೆಯನ್ನು ನಮ್ಮ ಕೋಣೆಗೆ ಕಳಿಸುತ್ತಾರೆ. ನಾವು ತೀರ್ಪು ಕೊಡುವಂತಿಲ್ಲ, ಯಾರನ್ನೂ ಬೈಯುವಂತಿಲ್ಲ. ಎರಡೂ ಕಡೆಯವರನ್ನು ಕೂಡಿಸಿ ಮಾತಾಡಿಸಬೇಕು, ಬೇಕಾದರೆ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು ಕೇಳಬೇಕು. ಒಪ್ಪಿದರೆ ರಾಜಿ ಪತ್ರ, ಒಪ್ಪದಿದ್ದರೆ ಕೋರ್ಟಿಗೆ ಒಂದು ಸಾಲಿನ ವರದಿ. ಒಳಗಿನ ಮಾತು ಹೊರಗೆ ಹೋಗಕೂಡದು. ಆದ್ದರಿಂದ ಇಲ್ಲಿ ಆ ಕಡತದವರ ಊರಿನ ಹೆಸರು ಹೇಳುವುದಿಲ್ಲ, ಮುಡಬಿಯ ಆಸುಪಾಸು ಎಂದಷ್ಟೇ ಇಟ್ಟುಕೊಳ್ಳೋಣ. ಬರೆಯಲು ಎರಡೂ ಕಡೆಯವರು ಒಪ್ಪಿದ್ದಾರೆ. ಹೇಗೆ ಒಪ್ಪಿದರು ಎಂಬುದೇ ಒಂದು ಕಥೆ, ಅದು ಕೊನೆಗೆ ಬರುತ್ತದೆ.

ದಾವೆ ಹೂಡಿದವಳು ಸೊಸೆ. ಎದುರಾಳಿ ಆಕೆಯ ಮಾವ. ಆಕೆಯ ಗಂಡ, ಅಂದರೆ ಮುದುಕರ ಒಬ್ಬನೇ ಮಗ, ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದ. ಮಕ್ಕಳಿಲ್ಲ. ಅತ್ತೆ ಹೋದ ವರ್ಷ ತೀರಿದ್ದರು. ಹೊಲ ಮತ್ತು ಮನೆ ಎರಡರಲ್ಲೂ ತನ್ನ ಗಂಡನ ಪಾಲನ್ನು ಬೇರೆ ಮಾಡಿ ಕೊಡಿಸಬೇಕು, ಅಲ್ಲಿಯವರೆಗೆ ಮಾವ ಹೊಲ ಮಾರದಂತೆ ತಡೆಯಬೇಕು ಎಂಬುದು ದಾವೆಯ ಬೇಡಿಕೆ. ತಡೆಯಾಜ್ಞೆ ಸಿಕ್ಕಿತ್ತು. ಕೇಸು ಕೊನೆಯವರೆಗೆ ನಡೆದರೆ ಏನಾಗುತ್ತದೆಂದು ವಕೀಲಳಾದ ನನಗೆ ಗೊತ್ತು. ಕೋರ್ಟು ನೇಮಿಸಿದ ಕಮಿಷನರು ಟೇಪು ಹಿಡಿದು ಬಂದು ಹೊಲವನ್ನಷ್ಟೇ ಅಲ್ಲ, ಆ ಸಣ್ಣ ಮನೆಯನ್ನೂ ಅಳೆದು ಎರಡು ಮಾಡುತ್ತಾರೆ. ಗೋಡೆ ಎಬ್ಬಿಸಿದ ಮೇಲೆ ಆ ಮನೆಯಲ್ಲಿ ಒಬ್ಬಂಟಿ ಹೆಂಗಸು ಉಳಿಯುವುದು ಕಷ್ಟ, ತವರಿಗೆ ಹೋಗಿ ಅಣ್ಣನ ಮನೆಯ ಮೂಲೆಯಲ್ಲಿ ಇರಬೇಕಾಗುತ್ತದೆ. ಮುದುಕರು ಇತ್ತ ಬೇರೆ ಒಲೆ ಹೂಡಬೇಕಾಗುತ್ತದೆ.

ಮೊದಲ ದಿನ ತರಬೇತಿಯಲ್ಲಿ ಕಲಿಸಿದಂತೆ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದೆ. ದುಂಡು ಮೇಜಿನ ಸುತ್ತ ಕುರ್ಚಿ ಹಾಕಿಸಿ, ಮಾವ ಸೊಸೆ ಒಬ್ಬರಿಗೊಬ್ಬರು ಕಾಣುವಂತೆ ಕೂಡಿಸಿದೆ. ಸೊಸೆಯ ಜೊತೆಗೆ ತವರೂರು ಘಾಟಬೋರಾಳದಿಂದ ಆಕೆಯ ಅಣ್ಣ ಬಂದಿದ್ದ. ಇಬ್ಬರ ವಕೀಲರೂ ಇದ್ದರು. ನಾನು ಯಾರ ಕಡೆಯವಳೂ ಅಲ್ಲ, ಇಲ್ಲಿ ಸೋಲು ಗೆಲುವು ಇಲ್ಲ ಎಂದೆಲ್ಲ ವಿವರಿಸಿ ಮುಗಿಸುವಷ್ಟರಲ್ಲಿ ಆಕೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ್ದಳು. ಮುದುಕರು ಕುರ್ಚಿಯನ್ನೇ ಎತ್ತಿ ಕಿಟಕಿಯ ಕಡೆ ತಿರುಗಿಸಿಕೊಂಡಿದ್ದರು. ನಾನು ಎದ್ದು ಹೋಗಿ ಅವರ ಕುರ್ಚಿಯನ್ನು ಮತ್ತೆ ಸರಿ ಮಾಡಿದೆ. ನಾನು ನನ್ನ ಜಾಗಕ್ಕೆ ಬಂದು ಕೂತಾಗ ಅದು ಮತ್ತೆ ಕಿಟಕಿಯ ಕಡೆ ಇತ್ತು.

ಸೊಸೆಯ ಪರವಾಗಿ ಅಣ್ಣನೇ ಮಾತಾಡಿದ. ತಂಗಿಗೆ ಅನ್ಯಾಯವಾಗಿದೆ, ಮುದುಕರು ಯಾರನ್ನೋ ಕರೆತಂದು ಹೊಲ ತೋರಿಸಿ ಅಳೆಸಿದ್ದಾರೆ, ಮಾರಲು ನಿಂತಿದ್ದಾರೆ ಎಂಬುದು ಅವನ ದೂರು. ಮುದುಕರು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ಆಕಿ ಹಿಸ್ಸಾ ಆಕಿಗಿ ಬರದ ಕೊಡ್ರಿ ಬಾಯಾರ. ಬಾವಿ ಕಡಿ ಚಲೋ ಹೊಲಾನೂ ಆಕಿಗೇ ಇರ್ಲಿ. ನಂದೇನೂ ತಕರಾರಿಲ್ಲ."

ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಇಷ್ಟು ಸಲೀಸಾಗಿ ಮುಗಿಯುವ ಕೇಸು ಯಾವ ಮಧ್ಯಸ್ಥರಿಗೂ ಸಿಕ್ಕಿರಲಾರದು. ಕಾಗದ ಎಳೆದುಕೊಂಡು ಸೊಸೆಯ ಕಡೆ ನೋಡಿದರೆ ಆಕೆ ಸೆರಗಿನೊಳಗಿಂದಲೇ ತಲೆಯಾಡಿಸುತ್ತಿದ್ದಳು. ಬೇಡವೆಂದು. ಆಕೆಯ ವಕೀಲರು ದಾವೆಯ ಪ್ರತಿಯನ್ನು ತೆಗೆದು ತಾವೇ ಬರೆದ ಬೇಡಿಕೆಯನ್ನು ಮತ್ತೊಮ್ಮೆ ಓದಿಕೊಂಡರು. ಕೇಳಿದ್ದು ಪಾಲು, ಕೊಡುತ್ತಿರುವುದು ಅದಕ್ಕಿಂತ ಒಳ್ಳೆಯ ಪಾಲು.

ಬೇರೆಯಾಗಿ ಕರೆದು ಕೇಳಿದೆ. ಅಣ್ಣ ಜೊತೆಗೇ ಬಂದ. ಏನು ಬೇಡ ಎಂದು ಕೇಳಿದರೆ ಆಕೆ ಹೇಳಿದ್ದು ಒಂದೇ ಮಾತು, "ಹಿಸ್ಸಾ ಒಲ್ಲೆರಿ." ಹಾಗಾದರೆ ಕೇಸು ಯಾಕೆ ಹಾಕಿದಿರಿ ಎಂದರೆ ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ಅಣ್ಣನಿಗೆ ಸಿಟ್ಟು ಬಂತು, ನನಗೆ ಅದಕ್ಕಿಂತ ಹೆಚ್ಚು. ಮುಂದಿನ ದಿನಾಂಕ ಕೊಟ್ಟು ಕಳಿಸಿದೆ. ಹುಮನಾಬಾದಿನ ಬಸ್ಸಿನಲ್ಲಿ ಕೂತು ಯೋಚಿಸಿದೆ. ಬೇಡಿದ್ದನ್ನು ಕೊಟ್ಟರೆ ಬೇಡ ಎನ್ನುವವಳಿಗೆ, ಕಾರಣ ಕೇಳದೆ ಕೊಡುವವರಿಗೆ, ನಾನು ಯಾವ ರಾಜಿ ಮಾಡಿಸುವುದು? ತಲೆ ಕೆಟ್ಟು ಹೋಯಿತು.

ಎರಡನೆಯ ಸಲ ನಾನು ಒಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಅಣ್ಣನಿಂದಲೇ ತೊಡಕು, ಅವನನ್ನು ಹೊರಗಿಟ್ಟು ಇವರಿಬ್ಬರನ್ನು ನೇರವಾಗಿ ಮಾತಾಡಿಸಬೇಕು. ಅವನನ್ನು ಚಹಾ ಕುಡಿಯಲು ಕಳಿಸಿದೆ. ವಕೀಲರನ್ನೂ ಕೇಳಿಕೊಂಡು ಹೊರಗೆ ಕೂಡಿಸಿದೆ. ಆಮೇಲೆ ಮುದುಕರಿಗೆ, ನಿಮ್ಮ ಸೊಸೆಯ ಕಡೆ ನೋಡಿ ಹೇಳಿ, ಹೊಲ ಮಾರುತ್ತೀರೋ ಇಲ್ಲವೋ ಎಂದೆ. ಅವರು ಕಿಟಕಿಯ ಕಡೆಯೇ ನೋಡಿದರು. ಸೊಸೆಗೆ, ಮಾವನವರ ಮುಖ ನೋಡಿ ನಿಮಗೇನು ಬೇಕೋ ಹೇಳಮ್ಮಾ, ಇದು ನಿಮ್ಮ ಮನೆಯಲ್ಲ, ಕೋರ್ಟು, ಇಲ್ಲಿ ಯಾವ ಸಂಕೋಚವೂ ಬೇಡ ಎಂದೆ. ಆಕೆ ಇನ್ನಷ್ಟು ಮುದುಡಿದಳು. ನಾನು ಬಿಡಲಿಲ್ಲ. ನನ್ನ ದನಿ ಸ್ವಲ್ಪ ಏರಿತು ಕೂಡ. ಮುದುಕರು ಎದ್ದು ನಿಂತರು, ರುಮಾಲು ಸರಿ ಮಾಡಿಕೊಂಡರು, ನನಗೆ ಕೈ ಮುಗಿದು ಹೊರಗೆ ನಡೆದರು. ಕರೆಯಲು ಹೋದ ಅವರ ವಕೀಲರು ಒಬ್ಬರೇ ತಿರುಗಿ ಬಂದರು. ಮುದುಕರು ಸಿಕ್ಕ ಆಟೋ ಹತ್ತಿ ಹೋಗಿಯೇಬಿಟ್ಟಿದ್ದರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ವರದಿಯ ಕಾಗದ ತೆಗೆದು, ರಾಜಿ ಆಗಲಿಲ್ಲ ಎಂದು ಬರೆಯಬೇಕು ಎನ್ನುವಾಗ ಸೊಸೆ ಮುಖದ ಮೇಲಿನ ಸೆರಗು ಸರಿಸಿದಳು. ಅದೇ ಮೊದಲ ಸಲ ನಾನು ಆಕೆಯ ಮುಖ ನೋಡಿದ್ದು. ನನ್ನದೇ ವಾರಿಗೆಯವಳು, ಸಿಟ್ಟಿನಿಂದ ಮೂಗು ಕೆಂಪಾಗಿತ್ತು. "ಮಾವನೋರ ಮಾರಿ ನೋಡಿ ಮಾತಾಡು ಅಂದ್ರ ಹ್ಯಾಂಗರಿ ಅಕ್ಕೋರ? ಅವರಿಗಿ ಎಷ್ಟು ನಾಚಿಗಿ ಆಗಿರಬೇಕು," ಎಂದಳು.

ಈ ಸಿಟ್ಟು ನನಗೆ ಅರ್ಥವಾಗಲಿಲ್ಲ. ಕೇಸು ಹಾಕಿದವಳು ಎದುರಾಳಿಯ ಮರ್ಯಾದೆಗಾಗಿ ನನ್ನ ಮೇಲೆ ರೇಗುತ್ತಿದ್ದಾಳೆ. ಮಾವನ ಮುಂದೆ ಸೆರಗು ಹಾಕುವುದು, ಎದುರು ನಿಂತು ಮಾತಾಡದಿರುವುದು ನಮ್ಮ ಕಡೆ ನಾನು ಕಾಣದ ಸಂಗತಿಯಲ್ಲ. ಆದರೆ ಆಕೆ ಆ ಮನೆಗೆ ಬಂದು ಎಷ್ಟೋ ಕಾಲವಾಗಿದೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ನೀವಿಬ್ಬರೂ ಮಾತೇ ಆಡಿಲ್ಲವೇ ಎಂದು ಕೇಳಿದೆ.

"ಯಾಕ ಆಡಿಲ್ರಿ? ದಿನಾ ಮಾತಾಡ್ತಿದ್ವಿ. ಅತ್ತಿ ಮುಂದ."

ಅಂದರೆ ಅತ್ತೆ ನಿಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಿಮಗೆ ಮುಟ್ಟಿಸುತ್ತಿದ್ದರೇ ಎಂದೆ.

"ಇಲ್ರಿ. ಅತ್ತಿಗಿ ಕಿವಿನೇ ಕೇಳ್ತಿರಲಿಲ್ಲ."

ನಾನು ಪೆನ್ನು ಕೆಳಗಿಟ್ಟೆ. ಕಿವಿ ಕೇಳದವರ ಮುಂದೆ ಹೇಳಿ ಏನು ಪ್ರಯೋಜನ ಎಂದು ಕೇಳಿದರೆ ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. ಇಷ್ಟು ಓದಿದವಳಿಗೆ ಇದೂ ಬಿಡಿಸಿ ಹೇಳಬೇಕೇ ಎನ್ನುವಂತಿತ್ತು ಆ ನೋಟ. ಆಮೇಲೆ ತಾಳ್ಮೆಯಿಂದ ಹೇಳಿದಳು. ಅತ್ತೆ ನಡುಮನೆಯ ಬಾಗಿಲಲ್ಲಿ ಕೂತು ಜೋಳವೋ ಬೇಳೆಯೋ ಹಸನು ಮಾಡುತ್ತಿದ್ದರು. ಮಾವ ಹೊರಗಿನ ಕಟ್ಟೆಯ ಮೇಲೆ, ಸೊಸೆ ಒಳಗೆ ಒಲೆಯ ಹತ್ತಿರ. ನಾಳೆ ಕಳೆ ತೆಗೆಯಬೇಕು, ಆಳು ಸಿಗುವುದಿಲ್ಲ ಎಂದು ಮಾವ ಹೆಂಡತಿಗೆ ಹೇಳುತ್ತಿದ್ದರು. ನಾನು ಬರುತ್ತೇನೆ ಅನ್ನಿರಿ ಅತ್ತಿ ಎಂದು ಸೊಸೆ ಒಳಗಿಂದ ಹೇಳುತ್ತಿದ್ದಳು. ಅತ್ತೆಗೆ ಎರಡೂ ಕೇಳಿಸುತ್ತಿರಲಿಲ್ಲ. ಇಬ್ಬರ ಬಾಯಿ ಆಡುವುದನ್ನು ಕಂಡು ನಕ್ಕು ತಲೆಯಾಡಿಸುತ್ತಿದ್ದರು, ಅಷ್ಟೇ. ಬಿತ್ತುವುದು, ಕೊಯ್ಯುವುದು, ಯಾರ ಮದುವೆಗೆ ಯಾರು ಹೋಗುವುದು, ಎಲ್ಲವೂ ಹೀಗೇ ನಡೆದಿತ್ತು.

ಆಕೆಯ ಗಂಡ ಸತ್ತಾಗ ತವರಿನವರು ಕರೆದೊಯ್ಯಲು ಬಂದಿದ್ದರಂತೆ. ಆ ದಿನ ಮಾವ ಕಟ್ಟೆಯ ಮೇಲಿಂದ ಕಿವುಡಿ ಹೆಂಡತಿಗೆ ಹೇಳಿದ ಮಾತನ್ನು ಸೊಸೆ ನನಗೆ ಅವರದೇ ದನಿಯಲ್ಲಿ ಹೇಳಿ ತೋರಿಸಿದಳು. "ಈ ಮನಿ ಆಕಿದು. ಹೋಗು ಅನ್ನಾಂವ ಈ ಮನ್ಯಾಗ ಯಾಂವನೂ ಇಲ್ಲ." ಅತ್ತೆ ಎಂದಿನಂತೆ ತಲೆಯಾಡಿಸಿದರಂತೆ. ಒಳಗೆ ಕೂತಿದ್ದ ಆಕೆ ತವರಿಗೆ ಹೋಗಲಿಲ್ಲ.

ಅತ್ತೆ ತೀರಿದ ಮೇಲೆ ಮನೆಯಲ್ಲಿ ಮಾತು ನಿಂತುಹೋಯಿತು. ಜಗಳವೇನೂ ಇಲ್ಲ. ಆಕೆ ತಾಟಿಗೆ ಬಡಿಸಿಟ್ಟು ಒಳಗೆ ಹೋಗುತ್ತಿದ್ದಳು, ಅವರು ಉಂಡು ಹೊಲಕ್ಕೆ ಹೋಗುತ್ತಿದ್ದರು. ಬೇಸಿಗೆಯಲ್ಲಿ ಒಂದು ದಿನ ಮಾವ ಯಾರೋ ಅಪರಿಚಿತನ ಜೊತೆ ಹೊಲದಲ್ಲಿ ಹೆಜ್ಜೆ ಹಾಕಿ ಅಳೆಯುವುದನ್ನು ಆಕೆ ಕಂಡಳು. ಯಾರು, ಯಾಕೆ ಎಂದು ಕೇಳುವ ದಾರಿಯಿರಲಿಲ್ಲ. ಹೊಲ ಮಾರುತ್ತಾರಂತೆ ಎಂದು ಓಣಿಯಲ್ಲಿ ಯಾರೋ ಅಂದರು. ಹೆದರಿ ಘಾಟಬೋರಾಳಕ್ಕೆ ಹೋದಳು, ಅಣ್ಣ ವಕೀಲರ ಹತ್ತಿರ ಕರೆದೊಯ್ದ. ಆಕೆ ಕೇಳಿದ್ದು ಹೊಲ ಮಾರಲು ಬಿಡಬೇಡಿ ಎಂದಷ್ಟೇ. ವಕೀಲರದೂ ತಪ್ಪಿಲ್ಲ. ಸುಮ್ಮನೆ ಮಾರಬೇಡಿ ಎಂದು ಕೋರ್ಟಿಗೆ ಹೋಗಲಾಗದು, ಪಾಲು ಕೇಳಿ ಅದರ ಜೊತೆಗೆ ತಡೆ ಕೇಳಬೇಕು. ನಾನಾಗಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಹೊಲ ಉಳಿಯಲಿ ಎಂದು ಬಂದವಳು ಹೀಗೆ ಮನೆ ಒಡೆಯಲು ಬಂದವಳಾದಳು.

ವರದಿಯ ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ. ಆ ದಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ನಿಂತದ್ದೂ ಗೊತ್ತಾಗಲಿಲ್ಲ. ಕೇಳಿಸಿಕೊಳ್ಳುವುದೇ ಮಧ್ಯಸ್ಥರ ಮುಖ್ಯ ಗುಣ ಎಂದು ನಮಗೆ ತರಬೇತಿಯಲ್ಲಿ ದಿನಗಟ್ಟಲೆ ಹೇಳಿದ್ದರು. ಅತ್ತೆಗೆ ಕೇಳುವ ಶಕ್ತಿಯೇ ಇರಲಿಲ್ಲ, ಆದರೂ ಆ ಮನೆ ನಡೆದದ್ದು ಅವರಿಂದ. ನನಗೆ ಇದನ್ನು ಒಪ್ಪಲಾಗುತ್ತಿಲ್ಲ, ಅಲ್ಲಗಳೆಯಲೂ ಆಗುತ್ತಿಲ್ಲ. ಇನ್ನೊಂದು ಕಸಿವಿಸಿಯೂ ಇತ್ತು. ಹೆಣ್ಣುಮಕ್ಕಳು ಸೆರಗು ಸರಿಸಿ ತಲೆಯೆತ್ತಿ ಮಾತಾಡಬೇಕು ಎನ್ನುವವಳು ನಾನು. ಆ ಕಟ್ಟಳೆಗೆ ನಾನೇ ಕುರ್ಚಿ ಹಾಕಿ ಕೂಡಿಸಿದರೆ ಹೇಗೆ? ಹಾಗೆಂದು ಅದನ್ನು ಮುರಿಯಲು ಹೋಗಿ ಮುದುಕರನ್ನು ಕೋಣೆಯಿಂದ ಎಬ್ಬಿಸಿ ಕಳಿಸಿದವಳೂ ನಾನೇ. ಮನೆಯಲ್ಲಿ ಗಂಡನಿಗೆ ಹೆಸರು ಹೇಳದೆ ಕೇಳಿದೆ. ಅವರಿಗೆ ಇದರಲ್ಲಿ ಏನು ಸಮಸ್ಯೆ ಎಂಬುದೇ ತಿಳಿಯಲಿಲ್ಲ.

ಮರುದಿನ ಹುಮನಾಬಾದಿನ ಕೋರ್ಟಿನಲ್ಲಿ ನನ್ನದೇ ಒಂದು ಕೇಸು ನಡೆದಿತ್ತು. ಎದುರಿನ ವಕೀಲರಿಗೂ ನನಗೂ ಜೋರು ವಾದ. ನಡುವೆ ನನ್ನ ಕಿವಿಗೆ ನನ್ನದೇ ಮಾತು ಬಿತ್ತು. ಎದುರಿನವರು ಹೇಳುವುದು ಸರಿಯಲ್ಲ ಎಂದು ನಾನು ಹೇಳುತ್ತಿದ್ದದ್ದು ಆ ವಕೀಲರಿಗಲ್ಲ, ನ್ಯಾಯಾಧೀಶರಿಗೆ. ಅವರೂ ನನಗೆ ಕೊಡಬೇಕಾದ ಉತ್ತರವನ್ನು ಪೀಠದ ಕಡೆ ಮುಖ ಮಾಡಿಯೇ ಕೊಡುತ್ತಿದ್ದರು. ಕೋರ್ಟಿನ ರೀತಿಯೇ ಅದು, ವಕೀಲರು ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದರೆ ನ್ಯಾಯಾಧೀಶರು ಗದರಿಸುತ್ತಾರೆ. ಇಷ್ಟು ವರ್ಷ ನಾನು ಬೇರೆ ಏನು ಮಾಡುತ್ತಿದ್ದೆ? ವಾದ ಅರ್ಧಕ್ಕೆ ನಿಲ್ಲಿಸಿದ ನನಗೆ ನ್ಯಾಯಾಧೀಶರು ಮುಂದುವರಿಸಿ ಎಂದರು.

ಅಂದೇ ಬಸವಕಲ್ಯಾಣದ ಕೋರ್ಟಿಗೆ ಫೋನು ಮಾಡಿ ಇನ್ನೊಂದು ದಿನಾಂಕ ಕೇಳಿದೆ. ಕೋರ್ಟು ಕೊಟ್ಟ ಗಡುವು ಮುಗಿಯುತ್ತ ಬಂದಿತ್ತು, ಇದೇ ಕೊನೆ ಎಂದರು. ಮುದುಕರ ವಕೀಲರನ್ನು ಕಾಡಿಬೇಡಿದೆ. ಮೇಡಂ ಈ ಸಲ ಕುರ್ಚಿ ತಿರುಗಿಸುವುದಿಲ್ಲ ಎಂದು ಹೇಳಿ ಎಂದೆ. ಅವರು ನಕ್ಕರು, ಆದರೆ ಮಾತು ಮುಟ್ಟಿಸಿದರು.

ಆ ದಿನ ಹೋಗುವಾಗ ಕೋರ್ಟಿನ ಗೇಟಿನ ಹತ್ತಿರ ಹಸಿ ತೊಗರಿಕಾಯಿ ಮಾರುತ್ತಿದ್ದರು. ಮನೆಗೆಂದು ಒಂದಿಷ್ಟು ಕೊಂಡೆ. ಕೋಣೆಯಲ್ಲಿ ದುಂಡು ಮೇಜನ್ನು ಗೋಡೆಗೆ ಸರಿಸಿ ನನ್ನ ಕುರ್ಚಿಯನ್ನು ನಡುವೆ ಹಾಕಿಕೊಂಡೆ. ಮುದುಕರು ಬಂದು ಕಿಟಕಿಯ ಕಡೆ ಮುಖ ಮಾಡಿ ಕೂತರು. ಸೊಸೆ ಈಚೆ ಗೋಡೆಯ ಕಡೆ. ಇಬ್ಬರೂ ಹೇಳಬೇಕಾದ್ದನ್ನು ನನ್ನ ಮುಂದೆ ಹೇಳಿ, ನಾನೇನೂ ಕೇಳುವುದಿಲ್ಲ ಎಂದೆ. ಉಳಿದವರು ಹೊರಗಿದ್ದರು. ಸುಮ್ಮನೆ ಕೂಡುವುದು ನನಗೆ ಬಾರದ ವಿದ್ಯೆ. ಕೈಗೆ ಕೆಲಸ ಬೇಕಾಗಿತ್ತು, ತೊಗರಿಕಾಯಿಯ ಚೀಲ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಸುಲಿಯತೊಡಗಿದೆ.

ಒಂದೊಂದೇ ಕಾಯಿ ಸುಲಿದೆ. ಸಿಪ್ಪೆ ಸಿಡಿಯುವ ಸದ್ದು ಮಾತ್ರ. ಇದೆಂಥ ಹುಚ್ಚಾಟ, ನ್ಯಾಯಾಧೀಶರು ಬಂದು ನೋಡಿದರೆ ಏನಂದಾರು ಎಂದು ನನಗೆ ಅಳುಕಾಯಿತು. ಆಗ ಮುದುಕರು ಕಿಟಕಿಯ ಕಡೆಯಿಂದ ಮಾತು ತೆಗೆದರು.

"ಆ ಮನಷ್ಯಾ ಹೊಲಾ ತಗೊಳ್ಳಾಕ ಬಂದಿರಲಿಲ್ಲ ಬಾಯಾರ. ಕುರಿಯಾಂವ ಇದ್ದ. ನಮ್ಮ ಹೊಲದಾಗ ಕುರಿ ತರಬಿದ್ರ ಎಷ್ಟು ಹಿಡೀತಾವ ಅಂತ ಹೆಜ್ಜಿ ಹಾಕಿ ನೋಡಾಕತ್ತಿದ್ದೆ."

ಬೇಸಿಗೆಯಲ್ಲಿ ಖಾಲಿ ಹೊಲದಲ್ಲಿ ಕುರಿಹಿಂಡು ತರುಬಿಸಿದರೆ, ಅಂದರೆ ರಾತ್ರಿ ಅಲ್ಲಿಯೇ ನಿಲ್ಲಿಸಿದರೆ, ಹೊಲಕ್ಕೆ ಒಳ್ಳೆಯ ಗೊಬ್ಬರ. ಅದಕ್ಕಾಗಿ ಅಳೆದದ್ದು. ನಾನು ತಡೆಯದೆ, ಅಂದರೆ ನೀವು ಹೇಳುವುದು ಏನೆಂದರೆ, ಎಂದು ಶುರು ಮಾಡಿಬಿಟ್ಟೆ. ಹೇಳಿದ್ದನ್ನು ಮಧ್ಯಸ್ಥರು ತಮ್ಮ ಮಾತಿನಲ್ಲಿ ಮತ್ತೊಮ್ಮೆ ಹೇಳಿ ಖಚಿತಪಡಿಸಿಕೊಳ್ಳಬೇಕು ಎಂಬುದು ತರಬೇತಿಯ ಪಾಠ. ಮುದುಕರು ಕುರ್ಚಿಯನ್ನು ಇನ್ನಷ್ಟು ಕಿಟಕಿಗೆ ಸರಿಸಿಕೊಂಡರು. ನಾಲಿಗೆ ಕಚ್ಚಿಕೊಂಡು ಇನ್ನೊಂದು ಕಾಯಿ ಕೈಗೆತ್ತಿಕೊಂಡೆ.

ಆಗ ಗೋಡೆಯ ಕಡೆಯಿಂದ ಸೊಸೆಯ ದನಿ ಬಂತು. "ಒಂದು ಮಾತು ಹೇಳಬೇಕಾಗಿತ್ತಲ್ರಿ ಅಕ್ಕೋರ. ನಾ ಎಷ್ಟು ಅಂಜಿದ್ದೆ."

"ಯಾರ ಮುಂದ ಹೇಳಲಿ ಬಾಯಾರ?" ಎಂದರು ಮುದುಕರು. "ಕೇಳಾಕಿ ಹೋದಳು."

ಆ ಕೇಳದ ಹೆಂಗಸನ್ನು ಅವರು ಕೇಳುವವಳು ಎಂದರು. ನಾನು ತಲೆ ತಗ್ಗಿಸಿ ಸುಲಿಯುತ್ತಲೇ ಇದ್ದೆ. ಹೊಲಕ್ಕೆ ಗೊಬ್ಬರ ಬೀಳಲಿ, ಮುಂದೆ ತಾನಿಲ್ಲದಾಗ ಒಬ್ಬಳೇ ಹೆಣ್ಣುಮಗಳಿಗೆ ಸಲೀಸಾಗಲಿ ಎಂದು ಕುರಿಯವನನ್ನು ಕರೆದಿದ್ದರಂತೆ. ಅಷ್ಟರಲ್ಲಿ ಕೋರ್ಟಿನ ನೋಟೀಸು ಬಂತು. ಪಾಲು ಕೇಳಿದ್ದಾಳೆ ಎಂದರೆ ತವರಿಗೆ ಹೋಗಲು ನಿಂತಿದ್ದಾಳೆ ಎಂದೇ ಅವರು ತಿಳಿದರು. ಹೋಗುವವಳನ್ನು ಹಿಡಿದಿಡಲು ತಾನು ಯಾರು, ಹೋಗುವುದಾದರೆ ಒಳ್ಳೆಯ ಹೊಲವನ್ನೇ ತಗೊಂಡು ಹೋಗಲಿ ಎಂದುಕೊಂಡರು. ಸೊಸೆ ಬಿಕ್ಕುತ್ತ ಅಂದಳು, "ನಾ ಹೋಗ್ತೀನಂತ ಯಾರಿಗಿ ಹೇಳೀನಿ, ಕೇಳ್ರಿ ಅಕ್ಕೋರ."

ನಾನು ಕೇಳಲಿಲ್ಲ. ಅವರಿಗೆ ಅದಾಗಲೇ ಕೇಳಿಸಿತ್ತು.

ಆಮೇಲೆ ಮಾತು ತಾನೇ ಹರಿಯಿತು. ಬಾವಿಯ ಮೋಟಾರು ಸುಟ್ಟಿದ್ದು, ಹಿತ್ತಲಿನ ಗೋಡೆ ಬಿದ್ದದ್ದು, ಅತ್ತೆಯ ವರ್ಷದ ಕಾರ್ಯ, ಎಲ್ಲವೂ ನನ್ನ ಮಡಿಲಿನ ಮೇಲಿಂದ ಅತ್ತಿತ್ತ ಹೋಯಿತು. ಒಂದು ವರ್ಷದ ಬಾಕಿ ಮಾತು ಅದು. ಚೀಲದ ಕಾಯಿ ಮುಗಿದಾಗ ನಾನು ಸುಲಿದ ಕಾಳನ್ನೇ ಮತ್ತೆ ಆರಿಸುತ್ತ ಕೂತೆ.

ರಾಜಿ ಪತ್ರ ಬರೆಯುವಾಗ ಮಾತ್ರ ನಾನು ವಕೀಲಳಾದೆ. ಕೇಸು ಹಿಂದಕ್ಕೆ ತಗೊಂಡರೆ ಸಾಕು, ಬರೆಯುವುದೇನಿದೆ ಎಂದು ಇಬ್ಬರೂ ಅಂದರು. ನಾನು ಒಪ್ಪಲಿಲ್ಲ. ಮಾವನ ಪ್ರೀತಿ ಮಾವ ಇರುವವರೆಗೆ, ಆಮೇಲೆ ದಾಯಾದಿಗಳು ಬಂದರೆ ಆಕೆಯ ಕೈಯಲ್ಲಿ ಏನಿರುತ್ತದೆ? ಪಹಣಿಯಲ್ಲಿ ಆಕೆಯ ಹೆಸರು ಸೇರಬೇಕು, ಆಕೆಯ ಒಪ್ಪಿಗೆಯಿಲ್ಲದೆ ಹೊಲವನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಆ ಮನೆಯಲ್ಲಿ ಬದುಕಿರುವವರೆಗೂ ಆಕೆಗೆ ಹಕ್ಕು, ಮನೆ ಪಾಲಾಗುವುದಿಲ್ಲ. ಮುದುಕರು ಪ್ರತಿಯೊಂದಕ್ಕೂ ಕಿಟಕಿಯ ಕಡೆ ನೋಡಿ ಹೂಂ ಎಂದರು. ಹೊರಗಿನಿಂದ ಬಂದ ಅಣ್ಣ ಎಲ್ಲ ಓದಿಸಿ ಕೇಳಿ, ಹಿಸ್ಸಾ ಎಲ್ಲಿ ಎಂದು ಹುಡುಕಿದ. ತಂಗಿಗೆ ಬೇಕಿದ್ದದ್ದು ಅದಲ್ಲ ಎಂದು ಅವನಿಗೆ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ.

ಸಹಿ ಹಾಕಿ ಏಳುವಾಗ ಸೊಸೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಕ್ಕೋರ, ಕೋರ್ಟಿನ ಪೇಶಿ ಮುಗೀತಂದ್ರ ಮತ್ತ ಯಾರ ಮುಂದ ಮಾತಾಡೂದ್ರಿ?"

ರಾಜಿ ಪತ್ರದಲ್ಲಿ ಅದಕ್ಕೊಂದು ಕಲಮು ಬರೆಯಲು ಬರುವುದಿಲ್ಲ. ಹೇಗಾದರೂ ಆಗುತ್ತದೆ ಎಂದು ಏನೋ ಹೇಳಿ ಜಾರಿಕೊಂಡೆ.

ನ್ಯಾಯಾಧೀಶರು ತೆರೆದ ಕೋರ್ಟಿನಲ್ಲಿ ರಾಜಿಯನ್ನು ಓದಿ ಹೇಳಿ ಇಬ್ಬರ ಒಪ್ಪಿಗೆ ಕೇಳಿದರು. ಇಬ್ಬರೂ ಪೀಠದ ಕಡೆ ನೋಡಿ ಸ್ಪಷ್ಟವಾಗಿ ಒಪ್ಪಿದರು, ಕೇಸು ಮುಗಿಯಿತು. ಒಳ್ಳೆಯ ರಾಜಿ ಎಂದು ಎಲ್ಲರೂ ಹೊಗಳಿದರು. ಮುಂದಿನ ಅರಿವು ಕಾರ್ಯಕ್ರಮದಲ್ಲಿ ಹೆಸರು ಹೇಳದೆ ಇದನ್ನೇ ಉದಾಹರಣೆ ಕೊಡಿ ಎಂದರು. ಏನೆಂದು ಕೊಡಲಿ? ಮುಖಾಮುಖಿ ಕೂಡಬೇಡಿ ಎಂದೇ? ಆ ಸಲ ನನಗೆ ಮೈಕು ಬೇಡವೆಂದು ಬೇರೆಯವರನ್ನು ಕಳಿಸಿದೆ. ಕಾಗದ ಗಟ್ಟಿಯಾಗಿತ್ತು. ಆ ಮನೆಯೊಳಗೆ ಏನು ನಡೆದಿದೆಯೋ ಎಂಬ ಚಿಂತೆ ಮಾತ್ರ ಬಿಡಲಿಲ್ಲ.

ಎಳ್ಳ ಅಮಾವಾಸ್ಯೆಗೆ ಸ್ವಲ್ಪ ದಿನ ಇರುವಾಗ ಘಾಟಬೋರಾಳದ ಅಣ್ಣ ಹುಮನಾಬಾದಿನ ನನ್ನ ಮನೆ ಹುಡುಕಿಕೊಂಡು ಬಂದ. ಹಬ್ಬದ ದಿನ ಹೊಲದ ಊಟಕ್ಕೆ ಬರಬೇಕೆಂದು ಮುದುಕರು ಹೇಳಿ ಕಳಿಸಿದ್ದರು. ಅವರು ಹೇಗಿದ್ದಾರೆ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. "ಜಗಳಾ ಏನೂ ಇಲ್ರಿ ಮೇಡಂ. ಖರೆ ಮತ್ತ ಇಬ್ರೂ ಸುಮ್ಮನ ಕೂಡಾಕತ್ತಾರ. ನನಗಂತೂ ಒಂದೂ ತಿಳಿವಲ್ದು." ನನಗೆ ತಿಳಿಯಿತು, ಅದಕ್ಕೇ ಊಟಕ್ಕೆ ಬರುತ್ತೇನೆ ಎಂದೆ.

ಕೇಸು ನಡೆಯುವಾಗ ನಾನು ಅವರ ಕೈಯಿಂದ ಚಹಾ ಕೂಡ ಕುಡಿದಿರಲಿಲ್ಲ. ಈಗ ಅಡ್ಡಿಯಿಲ್ಲ. ಹಬ್ಬದ ದಿನ ಮುಡಬಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮುಂದೆ ತುಂಬಿದ ಆಟೋದಲ್ಲಿ ಹೋದೆ. ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಸುಣ್ಣ ಹಚ್ಚಿದ ಐದು ಕಲ್ಲಿಟ್ಟು ಪೂಜೆ ಮುಗಿಸಿದ್ದರು. ಮುದುಕರು ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ ಬಂದರು. ಅಣ್ಣನ ಮನೆಯವರು ಉಂಡು ಆಚೆ ಬದುವಿನ ಮೇಲೆ ಕೂತಿದ್ದರು. ಮುದುಕರಿಗೂ ಸೊಸೆಗೂ ನಡುವೆ ನನಗೆ ತಾಟು ಇಟ್ಟರು. ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ. ನಾನು ಕೂತದ್ದೇ ತಡ, ಇಬ್ಬರಿಗೂ ಮಾತು ಬಂತು. ತೊಗರಿ ಕೊಯ್ಲಿಗೆ ಆಳು ಎಲ್ಲಿಂದ ತರುವುದು ಎಂದು ಮುದುಕರು ನನಗೆ ಹೇಳಿದರು, ತವರಿನಿಂದ ಇಬ್ಬರನ್ನು ಕರೆಸುತ್ತೇನೆ ಎಂದು ಆಕೆ ನನಗೆ ಹೇಳಿದಳು. ನಾನು ರೊಟ್ಟಿ ಮುರಿದು ತಿನ್ನುತ್ತ ತಲೆಯಾಡಿಸಿದೆ. ನಿಮ್ಮ ಕಥೆ ಬರೆಯಲೇ ಎಂದು ಅಲ್ಲಿಯೇ ಕೇಳಿದೆ. ಮಾವನವರು ಹೂಂ ಅಂದರೆ ಬರೆಯಲಿ ಎಂದು ಸೊಸೆ ನನಗೇ ಹೇಳಿದಳು. ಆಕೆಗೆ ಬೇಡವಾದರೆ ಬೇಡ ಎಂದು ಅವರೂ ನನಗೇ ಹೇಳಿದರು. ಇದು ಒಪ್ಪಿಗೆಯೋ ಅಲ್ಲವೋ ತಿಳಿಯದೆ ನಾನು ಕೂತಿದ್ದಾಗ ಇಬ್ಬರೂ ನಕ್ಕರು.

ನಗು ಬಂದರೂ ಒಳಗೆ ಕಳವಳವಾಗುತ್ತಿತ್ತು. ಸಂಜೆಯ ಬಸ್ಸಿಗೆ ನಾನು ಹೋಗುವವಳು. ದಿನಾ ಹುಮನಾಬಾದಿನಿಂದ ಬಂದು ಇವರ ನಡುವೆ ಕೂಡಲು ಆಗುತ್ತದೆಯೇ? ಉಂಡದ್ದಾಯಿತು. ಕೈ ತೊಳೆಯಲು ಎದ್ದು ಬಾವಿಯ ಕಡೆ ನಡೆದೆ. ನಾನು ಎದ್ದ ಕೂಡಲೇ ಮಾತು ನಿಲ್ಲುತ್ತದೆ ಎಂದು ಗೊತ್ತಿತ್ತು, ನಿಂತಿತು ಕೂಡ. ಹಗ್ಗಕ್ಕೆ ಕಟ್ಟಿದ ಕೊಡ ಇಳಿಬಿಟ್ಟು ನೀರು ಸೇದಿ ಕೈ ತೊಳೆದೆ. ಆಗ ಬೆನ್ನ ಹಿಂದೆ ಮುದುಕರ ದನಿ ಕೇಳಿಸಿತು.

"ಭಜ್ಜಿಗಿ ಹುಣಸಿಹುಳಿ ಜರಾ ಜಾಸ್ತಿ ಆಗ್ಯಾದ."

ಆಮೇಲೆ ಸೊಸೆಯ ದನಿ. "ಅತ್ತಿ ಹಾಕತಿದ್ದಷ್ಟೇ ಹಾಕೀನಿ."

"ಆಕಿ ಕೈದೂ ಹುಳಿನೇ ಇರ್ತಿತ್ತು. ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ."

ಮೆಲ್ಲಗೆ ತಿರುಗಿ ನೋಡಿದೆ. ಇಬ್ಬರ ನಡುವೆ ನಾನು ಬಿಟ್ಟು ಬಂದ ಖಾಲಿ ತಾಟು ಇತ್ತು. ಇಬ್ಬರೂ ಅದನ್ನೇ ನೋಡಿಕೊಂಡು ಮಾತಾಡುತ್ತಿದ್ದರು. ನನ್ನ ಕೈ ತೊಳೆದಾಗಿತ್ತು. ಆದರೂ ಕೊಡವನ್ನು ಮತ್ತೆ ಬಾವಿಗೆ ಇಳಿಬಿಟ್ಟು, ಆದಷ್ಟು ನಿಧಾನವಾಗಿ, ಇನ್ನೊಂದು ಕೊಡ ನೀರು ಸೇದಿದೆ.